ಉಗುರಿನ ಬುಡದ ಅರ್ಧಚಂದ್ರ

ನಮ್ಮ ಮನೆತನದಲ್ಲಿ ಮೊದಲ ಪದವೀಧರೆ ನಾನು. ಬೆಳಿಗ್ಗೆ ದಾಲ್ ಮಿಲ್ಲಿನಲ್ಲಿ ಬೇಳೆ ಹಸನು ಮಾಡಿ, ಅಲ್ಲಿಂದಲೇ ಕಾಲೇಜಿಗೆ ಓಡಿ ಬಿ.ಎ. ಪಾಸಾದವಳು. ಅಂಥ ನನಗೆ ಹತ್ತು ಉಗುರಿಗೆ ಬಣ್ಣ ಹಚ್ಚುವುದು ಯಾವ ಮಹಾ ವಿದ್ಯೆ!

ತಮ್ಮ ಶರಣುಗೆ ಕಮಲಾಪುರದ ಭಾಗ್ಯಾ ಮನಸಿಗೆ ಬಂದಿದ್ದಳು. ಹುಡುಗಿ ನೌಕರಿಯವಳು. ನೌಕರಿ ಮಾಡುವ ಹೆಣ್ಣನ್ನು ನಾವು ಹೇಗೆ ನೋಡಿಕೊಳ್ಳುತ್ತೇವೋ ಎಂದು ಅವರ ಮನೆಯವರಿಗೆ ಅನುಮಾನ. ನೌಕರಿಗೆ ಹೋಗುವ ನನ್ನನ್ನೇ ಜೀವಂತ ಸಾಕ್ಷಿಯಾಗಿ ಕರೆದೊಯ್ಯಬೇಕೆಂದು ಅವ್ವ ತೀರ್ಮಾನಿಸಿದಳು.

ಸಾಕ್ಷಿ ಚೆಂದ ಇರಬೇಡವೆ? ಹಿಂದಿನ ಕಾಲದ ಮೇಮ್‌ಸಾಹೇಬರ ಉಗುರಿನ ಶೈಲಿಯನ್ನು ಮೊಬೈಲಿನಲ್ಲಿ ನೋಡಿದ್ದೆ. ನಡುವೆ ಕೆಂಪು, ಬುಡದಲ್ಲಿ ಅರ್ಧಚಂದ್ರದಷ್ಟು ಬರಿ ಉಗುರು, ತುದಿಯೂ ಬರಿ. ಜಗತ್ ಬಜಾರಿನಿಂದ ಬಣ್ಣ ತಂದೆ. ಬುಡ ಮುಚ್ಚಲು ಅಂಟು ಕಾಗದ ಬೇಕಂತೆ. ಬ್ರಹ್ಮಪುರದ ನಮ್ಮ ಮನೆಯಲ್ಲಿ ಟಿಕಳಿಗೆ ಬರವೆ? ಅವ್ವ ಹಣೆಗೆ ಹಚ್ಚುವ ಮಖಮಲ್ ಟಿಕಳಿಗಳನ್ನೇ ಉಗುರಿಗೊಂದರಂತೆ ಅಂಟಿಸಿದೆ. ಎಡಗೈ ಸಲೀಸು. ಬಲಗೈ ಸರದಿಯಲ್ಲಿ ಬಣ್ಣ ಬೆರಳಿನ ಗೆಣ್ಣಿನವರೆಗೆ ಪ್ರವಾಸ ಹೋಯಿತು. ಟಿಕಳಿ ಕಿತ್ತರೆ ಅರ್ಧವೇ ಬಂತು. ಉಳಿದದ್ದನ್ನು ಕೆರೆದೆ. ಕೆಲವು ಚಂದ್ರ ಹುಣ್ಣಿಮೆ, ಕೆಲವು ಗ್ರಹಣ!

"ಅಕ್ಕಾ, ಬಾಗಿಲದಾಗ ಕೈ ಸಿಕ್ಕಿತೇನ?" ಎಂದ ಶರಣು.

"ನಿನಗೇನ್ ತಿಳೀತದ! ಇದು ಫ್ಯಾಶನ್!"

ಮರುದಿನ ಕಮಲಾಪುರದಲ್ಲಿ, ಹತ್ತೂ ಬೆರಳು ಕಾಣುವಂತೆ ಚಹಾದ ಬಶಿ ಹಿಡಿದು ಕೂತೆ. ಕಂಡವು! ಭಾಗ್ಯಾಳ ಅಜ್ಜಿ ನನ್ನ ಕೈಯನ್ನು ಚಸ್ಮಾದ ಹತ್ತಿರ ಎಳೆದುಕೊಂಡಳು.

"ಯವ್ವಾ, ಬಣ್ಣ ಹಚ್ಚಿ ಎಷ್ಟ್ ತಿಂಗಳಾಯ್ತು? ಉಗುರು ಬೆಳೆದು ಬುಡ ಖಾಲಿ ಬಿದ್ದದ, ತುದಿ ಸವದದ."

"ನಿನ್ನಿನೇ ಹಚ್ಚೀನ್ರೀ. ಅದು ಹಂಗೇ ಇರಬೇಕ್ರೀ."

ಅಜ್ಜಿ ನಂಬಲಿಲ್ಲ. ಸೊಸೆಯ ಕಡೆ ತಿರುಗಿದಳು. "ನೋಡಿದೇನ? ನೌಕರಿ ಮಾಡಿ ಬಂದು ಎಲ್ಲರ ಭಾಂಡೆ ತಿಕ್ಕಿ ತಿಕ್ಕಿ ಈ ಹುಡುಗಿ ಗತಿ ಹಿಂಗಾಗ್ಯಾದ. ಇಂಥಾ ಮನಿಗಿ ನಮ್ ಕೂಸಿನ ಕೊಡಬೇಕೇನ?"

ಅವ್ವ ನನ್ನನ್ನು ನುಂಗುವಂತೆ ನೋಡಿದಳು. ಶರಣುವಿನ ಮುಖ ಬೆಳ್ಳಗಾಯಿತು. ಸತ್ಯ ಹೇಳಿದರೆ ಸಂಬಂಧ ಉಳಿಯುತ್ತದೆ, ನನ್ನ ಮಾನ ಹೋಗುತ್ತದೆ. ನಾನು ಬಾಯಿ ತೆರೆಯಲಿಲ್ಲ. ಶರಣುವೇ ತೆರೆದ.

"ಇಲ್ರೀ ಅಮ್ಮಾ! ಭಾಂಡೆ ಎಲ್ಲಾ ನಾ ತಿಕ್ತೀನ್ರೀ! ಅಕ್ಕ ಒಂದು ಚಮಚಾ ಸುದ್ದಾ ತೊಳಿಯಂಗಿಲ್ರೀ!"

"ಮತ್ತ ಈ ಉಗುರು?"

"ಅಕಿಗಿ ಹಚ್ಕೊಳ್ಳಾಕ ಬರಂಗಿಲ್ರೀ!"

ಬಾಗಿಲ ಮರೆಯಲ್ಲಿದ್ದ ಭಾಗ್ಯಾ ಫಕ್ಕನೆ ನಕ್ಕಳು. ಅವಳ ಹಿಂದೆ ಅವರವ್ವ ನಕ್ಕರು. ನಮ್ಮವ್ವನೂ ನಕ್ಕಳು, ದ್ರೋಹಿ! ಹುಡುಗನಿಗೆ ಭಾಂಡೆ ತಿಕ್ಕಲು ಬರುತ್ತದೆ, ಅಕ್ಕನಿಗೆ ಏನೂ ಬರುವುದಿಲ್ಲ ಎಂಬುದು ಖಾತ್ರಿಯಾಗಿ, ಸಂಬಂಧ ಅಲ್ಲೇ ಕುದುರಿತು.

ಎಲ್ಲರಿಗೂ ಕೆಂಪು ಬಾಳೆಹಣ್ಣು ಹಂಚಿದರು. ನಾನು ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡು, ನನಗೆ ಬೇಡ ಎಂದು ತಲೆಯಾಡಿಸಿದೆ. ಅಜ್ಜಿಗೆ ಕರುಣೆ ಬಂತು. ತಾನೇ ಸುಲಿದು, ಕೂಸಿಗೆ ತಿನ್ನಿಸುವ ಹಾಗೆ ನನ್ನ ಬಾಯಿಗಿಟ್ಟಳು.

ತಿಂದೆ.