ಹದಿನಾರನೇ ಬಾಲ್ಕನಿ

ಪುಣೆಯ ಪಕ್ಕದ ಚಿಂಚವಾಡದಲ್ಲಿದ್ದ ಅವ್ವಣ್ಣನವರು ಆ ಸಂಕ್ರಾಂತಿಯ ದಿನ ಪೇಚಿಗೆ ಸಿಕ್ಕಿದ್ದಕ್ಕೆ ಕಾರಣ ಗೇಣುದ್ದದ ಒಂದು ಸ್ಪ್ರಿಂಗು. ಸ್ಪ್ರಿಂಗಿನ ಕಾರ್ಖಾನೆಯಲ್ಲೇ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು, ಸ್ಪ್ರಿಂಗು ಕೇಳಿಕೊಂಡು ಬಂದವರಿಗೆ ಇಲ್ಲವೆನ್ನುವುದು ಹೇಗೆ?

ಹೆಂಡತಿ ಶಿವಕಾಂತಾ ತೀರಿಕೊಂಡ ಮೇಲೆ ಅವರ ಮನೆಯ ಬೆಲ್ ಒತ್ತುವವರೇ ಇರಲಿಲ್ಲ. ವರ್ಷಕ್ಕೊಂದು ದಿನ ಮಾತ್ರ, ಸಂಕ್ರಾಂತಿಯ ಸಂಜೆ, ಕಟ್ಟಡದ ಹದಿನೈದು ಮನೆಯವರೂ ಎಳ್ಳಿನ ಲಾಡು ಹಿಡಿದು ಮೂರು ಮಹಡಿ ಹತ್ತಿ ಬರುತ್ತಿದ್ದರು. ಕಿರಿಯರು ಹಿರಿಯರ ಮನೆಗೆ ಹೋಗಿ, ಎಳ್ಳುಬೆಲ್ಲದ ಆ ತಿಳಗೂಳ ಕೊಟ್ಟು, ಕಾಲು ಮುಟ್ಟುವುದು ಊರ ಪದ್ಧತಿ. ಕಟ್ಟಡದಲ್ಲಿ ಎಲ್ಲರಿಗಿಂತ ಹಿರಿಯರು ಅವ್ವಣ್ಣನವರೇ. ಆ ಒಂದು ಸಂಜೆಯ ಆಸೆಯಲ್ಲಿ ಅವರು ಉಳಿದ ದಿನಗಳನ್ನು ಹೇಗೋ ತಳ್ಳುತ್ತಿದ್ದರು.

ಈ ಸಲ ಬೆಳಗ್ಗೆ ಎಂಟಕ್ಕೇ ಬೆಲ್ ಆಯಿತು. ಅವ್ವಣ್ಣನವರು ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ ಓಡಿದರು. ಬಾಗಿಲಲ್ಲಿ ಮೊದಲ ಮಹಡಿಯ ಕಾರ್ತಿಕ, ಮೈಸೂರು ಕಡೆಯ ಸಾಫ್ಟ್‌ವೇರ್ ಹುಡುಗ. ಜೊತೆಗೆ ಎಂಜಿನಿಯರಿಂಗ್ ಓದುವ ಸಾಯಲಿ.

"ಸಾರಿ ಅಂಕಲ್, ಬೆಳಬೆಳಗ್ಗೆ ಡಿಸ್ಟರ್ಬ್ ಮಾಡ್ತಿದ್ದೀವಿ. ನಿಮ್ಮ ಹತ್ರ ಒಂದು ಸ್ಪ್ರಿಂಗ್ ಇದ್ಯಾ?"

"ಯಾಕಿಲ್ರಿ? ಡಬ್ಬಿ ತುಂಬ ಅವ. ಒಳಗ ಬರ್ರಿ, ಕುಂಡ್ರಿ, ಚಹಾ ಮಾಡ್ತೀನಿ."

"ಟೈಮಿಲ್ಲ ಅಂಕಲ್, ಕೆಳಗಡೆ ರೋಬೋಟ್ ಕಾಯ್ತಿದೆ."

ಮನುಷ್ಯರು ಬರದಿದ್ದರೇನು, ಡಬ್ಬಿ ಹಿಡಿದು ತಾವೇ ಹೋದರಾಯಿತು ಎಂದು ಅವ್ವಣ್ಣನವರು ಹಿಂದೆಯೇ ಇಳಿದರು.

ಅಂಗಳದಲ್ಲಿ ರೋಬೋಟು ನಿಂತಿತ್ತು: ಹಳೆಯ ಮಿಕ್ಸರಿನ ಮೋಟಾರು, ನಾಲ್ಕು ಗಾಲಿ, ಕೊಕ್ಕರೆಯ ಕತ್ತಿನಂಥ ಪೈಪು. ಕಾಗದ ಸುತ್ತಿದ ಲಾಡುಗಳನ್ನು ಬಾಲ್ಕನಿಗಳಿಗೆ ಹಾರಿಸಬೇಕೆಂದು ಕಾರ್ತಿಕ, ಸಾಯಲಿಯರ ತಂಡ ಎರಡು ತಿಂಗಳಿಂದ ಅದರ ಬೆನ್ನು ಹತ್ತಿತ್ತು. ಸಂಜೆ ಐದಕ್ಕೆ ಉದ್ಘಾಟನೆ. ಲಾಡುಗಳು ಮಾತ್ರ ಮೊದಲ ಮಹಡಿ ಮುಟ್ಟುವ ಮೊದಲೇ ಮನಸ್ಸು ಬದಲಿಸಿ ವಾಪಸು ಬರುತ್ತಿದ್ದವು.

ಅವ್ವಣ್ಣನವರು ಹೊಸ ಸ್ಪ್ರಿಂಗು ಕೂರಿಸಿದರು. ಲಾಡು ನೆಟ್ಟಗೆ ಹಾರಿ ಮಾಳಿಗೆಯ ಮೇಲೆ ಬಿತ್ತು.

"ಜೋರ್ ಭಾಳ ಆತು. ಎರಡು ಸುತ್ತು ಕತ್ತರಿಸಿ ಒಗೀರಿ, ಮೆತ್ತಗ ಆಗತದ!" ಎಂದು ಕೆಳಮನೆಯ ರಂಗೂಬಾಯಿ ತೀರ್ಪು ಕೊಟ್ಟಳು. ಲಾಡು ಕಟ್ಟಿದವಳು ಅವಳೇ ಆದ್ದರಿಂದ ಅವಳ ಮಾತಿಗೆ ತೂಕವಿತ್ತು. ಅವ್ವಣ್ಣನವರು "ಏ, ತಡೀರಿ" ಎನ್ನುವಷ್ಟರಲ್ಲಿ ಕಾರ್ತಿಕ ಕತ್ತರಿಸಿಯೇ ಬಿಟ್ಟ. ಮುಂದಿನ ಲಾಡು ಕಟ್ಟಡವನ್ನು ದಾಟಿ, ಬೀದಿಯನ್ನು ದಾಟಿ, ಡೇರಿಯವನ ಹಾಲಿನ ಪಾತ್ರೆಗೆ ಬಿತ್ತು.

"ಸ್ಪ್ರಿಂಗ್ ಕತ್ತರಿಸಿದ್ರ ಮೆತ್ತಗ ಆಗಂಗಿಲ್ರೀ, ಇನ್ನಾ ಬಿರುಸಾಗತದ!" ಎಂದು ಅವ್ವಣ್ಣನವರು ಹಣೆ ಚಚ್ಚಿಕೊಂಡರು. ಜಗಳಕ್ಕೆ ಬಂದ ಡೇರಿಯವನು ರೋಬೋಟನ್ನು ನೋಡಿ, ಜಗಳ ಮರೆತು, ತಾನೂ ಸಲಹೆ ಕೊಡಲು ನಿಂತ. ಹತ್ತು ಜನ ಹನ್ನೆರಡು ಮಾತು. ಮತ್ತೊಂದು ಲಾಡು ರಂಗೂಬಾಯಿಯ ತುಳಸಿ ಕುಂಡವನ್ನು ಒಡೆಯಿತು. ಲಾಡಿಗೆ ಮಾತ್ರ ಏನೂ ಆಗಲಿಲ್ಲ.

ಕೊನೆಗೆ ಅವ್ವಣ್ಣನವರು ಎಲ್ಲರನ್ನೂ ಸರಿಸಿ ನೆಲದ ಮೇಲೆ ಕುಳಿತರು. ಬೇರೆ ಸ್ಪ್ರಿಂಗು ಹಾಕಿ, ಹಿಂದೆ ಒಂದು ತಿರುಪು ಜೋಡಿಸಿ, ಯಾವ ಮಹಡಿಗೆ ಎಷ್ಟು ಸುತ್ತು ಬಿಗಿಯಬೇಕೆಂದು ಬರೆದುಕೊಟ್ಟರು. ಲಾಡು ಹೋಗಿ ಬಾಲ್ಕನಿಯಲ್ಲಿ ನಿಂತಿದ್ದ ಸಾಯಲಿಯ ತಾಯಿಯ ಸೆರಗಿಗೇ ಬಿತ್ತು.

"ಕಾಕಾ, ಏಕ್ ನಂಬರ್!" ಎಂದು ಸಾಯಲಿ ಕುಣಿದಳು.

ವರ್ಷವಿಡೀ ಆಡದಷ್ಟು ಮಾತನ್ನು ಅವ್ವಣ್ಣನವರು ಆ ಅರ್ಧ ದಿನದಲ್ಲಿ ಆಡಿದ್ದರು. ಇಷ್ಟು ಜನ ತಮ್ಮವರಾದರಲ್ಲ ಎಂದು ಎದೆ ತುಂಬಿ ಬಂತು. ಸಂಜೆ ಇವರೆಲ್ಲ ಮನೆಗೆ ಬಂದಾಗ ಕೂರಲು ಜಾಗ ಸಾಲದು ಎಂದು ಚಾಪೆಯನ್ನೂ ಹಾಸಿದರು. ಇಸ್ತ್ರಿ ಅಂಗಿ ತೊಟ್ಟು, ಕುಸುರೆಳ್ಳಿನ ಬಟ್ಟಲು ಹಿಡಿದು, ಬಾಗಿಲು ತೆರೆದಿಟ್ಟು ಕಾದರು.

ಐದು ಹೊಡೆಯಿತು. ಅಂಗಳದಿಂದ ಚಪ್ಪಾಳೆ ಕೇಳಿತು, ಮತ್ತೆ ಚಪ್ಪಾಳೆ, ಮತ್ತೆ. ಮೆಟ್ಟಿಲ ಮೇಲೆ ಒಂದು ನರಪಿಳ್ಳೆಯಿಲ್ಲ. ಐದೂವರೆಯಾಯಿತು. ಬಟ್ಟಲು ಹಿಡಿದ ಕೈ ಸೋತಿತು.

ಅಷ್ಟರಲ್ಲಿ ಧಡಧಡ ಹೆಜ್ಜೆಯ ಸದ್ದು. ಅವ್ವಣ್ಣನವರ ಮುಖ ಅರಳಿತು. ಕಾರ್ತಿಕ ಏದುಸಿರು ಬಿಡುತ್ತ ಬಂದ.

"ಬರ್ರಿ, ಬರ್ರಿ! ಒಳಗ ಬರ್ರಿ!"

"ಅಯ್ಯೋ ಅಂಕಲ್, ಇಲ್ಯಾಕೆ ಕೂತಿದ್ದೀರಾ? ಎಲ್ಲರೂ ಬಾಲ್ಕನೀಲಿ ಕ್ಯಾಚ್ ಹಿಡಿದಾಯ್ತು. ಹದಿನೈದು ಮನೆ ಮುಗೀತು, ನಿಮ್ಮದೊಂದೇ ಬಾಕಿ. ಬೇಗ ಬಾಲ್ಕನಿಗೆ ಬನ್ನಿ, ಬ್ಯಾಟರಿ ಡೌನ್ ಆಗ್ತಿದೆ!"

ಅವನು ಬಂದ ಹಾಗೆಯೇ ಇಳಿದು ಓಡಿದ. ಅವ್ವಣ್ಣನವರಿಗೆ ಆಗ ಅರ್ಥವಾಯಿತು. ತಮ್ಮ ಬಾಗಿಲಿಗೆ ಬರುವ ಹದಿನೈದು ಮನೆಯವರನ್ನು ಬೆಳಗ್ಗೆಯಿಂದ ಬೆವರು ಸುರಿಸಿ, ತಿರುಪು ಬಿಗಿದು, ತಪ್ಪಿಸಿದವರು ತಾವೇ. ದುಃಖ ಉಕ್ಕಿ ಬಂತು, ತಡೆದುಕೊಂಡರು. ಬಾಲ್ಕನಿಗೆ ಹೋಗಿ ನಿಂತರು.

ರೋಬೋಟು ಕತ್ತು ತಿರುಗಿಸಿತು. "ತಿಳಗೂಳ ಘ್ಯಾ, ಗೋಡ ಗೋಡ ಬೋಲಾ," ಎಳ್ಳುಬೆಲ್ಲ ತಿಂದು ಸಿಹಿ ಮಾತಾಡಿ, ಎಂದು ಸಾಯಲಿಯ ರೆಕಾರ್ಡ್ ಮಾಡಿಟ್ಟ ಧ್ವನಿ ಕೂಗಿತು. ಲಾಡು ಒಂದಿಂಚೂ ತಪ್ಪದೆ ಅವರ ಅಂಗೈಗೆ ಬಂದು ಬಿತ್ತು. ಎಲ್ಲ ಬಾಲ್ಕನಿಗಳಿಂದ ಚಪ್ಪಾಳೆಯಾಯಿತು. ಆಮೇಲೆ ಒಬ್ಬೊಬ್ಬರೇ ಒಳಗೆ ಹೋದರು.

ಕೆಳಗಿನಿಂದ ಕಾರ್ತಿಕ ಹೆಬ್ಬೆರಳು ಎತ್ತಿ ಕೂಗಿದ: "ಎಲ್ಲಾ ನಿಮ್ಮಿಂದಾನೇ ಅಂಕಲ್! ಇನ್ಮೇಲೆ ಹಬ್ಬಕ್ಕೆ ಯಾರೂ ಮೆಟ್ಟಿಲು ಹತ್ತೋ ಕಷ್ಟಾನೇ ಇಲ್ಲ!"

ಹಬ್ಬದ ದಿನ ಸಿಹಿ ಮಾತನ್ನೇ ಆಡಬೇಕಲ್ಲ.

"ಭಾಳ ಛಲೋ ಆತು ನೋಡ್ರಿ," ಎಂದು ಹೇಳಿ ಅವ್ವಣ್ಣನವರು ಬಾಗಿಲು ಹಾಕಲು ಒಳಗೆ ಹೋದರು.