ದೊಡ್ಡಮ್ಮನ ಭೂತಕನ್ನಡಿ ಮತ್ತು ನನ್ನ ಮೀಸೆ

ನನ್ನ ದೊಡ್ಡಮ್ಮನನ್ನು ವಿಮಾನ ನಿಲ್ದಾಣದ ತಪಾಸಣೆಗೆ ನಿಲ್ಲಿಸಿದರೆ ಚಿನ್ನ ದಾಟೀತು, ಒಂದು ಡಬ್ಬಿ ಕ್ರೀಮ್ ಮಾತ್ರ ದಾಟಲಿಕ್ಕಿಲ್ಲ!

ಅಕ್ಕ ಬಸುರಿ ಎಂದು ತಿಳಿದ ಮರುದಿನವೇ ಅವರು ಬೋಳಾರದಿಂದ ಪಡೀಲಿನ ನಮ್ಮ ಮನೆಗೆ ಬಂದರು. ಬೂತಾಯಿ ಮೀನು ತಂದಾರೆಂದು ನಾವು ಕಾದಿದ್ದೆವು. ಚೀಲದಿಂದ ಹೊರಬಂದದ್ದು ಭೂತಕನ್ನಡಿ! ನೇರ ಬಚ್ಚಲಿಗೆ ನುಗ್ಗಿ ಶಾಂಪೂ, ಲೋಷನ್ ತಿರುಗಿಸಿ ಇರುವೆ ಗಾತ್ರದ ಅಕ್ಷರ ಓದಿದರು.

"ಇದರಲ್ಲಿ ಪ್ಯಾರಾಬೆನ್ ಉಂಟು!"

"ಅದೆಂತದು ದೊಡ್ಡಮ್ಮ?"

"ಕ್ರೀಮ್ ಹಾಳಾಗದ ಹಾಗೆ ಹಾಕುವ ಕೆಮಿಕಲ್ ಮಾರಾಯ. ತಾಯಿಯ ಮೈಯೊಳಗೆ ಹೋಗಿ ಹಾರ್ಮೋನಿನ ವೇಷ ಹಾಕ್ತದೆ. ಅಸಲಿ ಯಾವುದು, ನಕಲಿ ಯಾವುದು, ಹೊಟ್ಟೆಯ ಮಗುವಿಗೆ ಹೇಗೆ ಗೊತ್ತಾಗ್ಬೇಕು?"

"ನನ್ನ ಹಾಗೆ ಮಿಮಿಕ್ರಿ ಮಾಡ್ತದೆ ಅನ್ನಿ!" ಎಂದೆ. ಅವರು ನಗಲಿಲ್ಲ.

ಅಕ್ಕನಿಗೆ ಉಳಿದದ್ದು ತೆಂಗಿನೆಣ್ಣೆ ಒಂದೇ. ಭಾವನನ್ನೂ ಬಾಗಿಲಲ್ಲೇ ಮೂಸಿ, "ಆ ಸೆಂಟು ಹೊರಗೆ ಇಟ್ಟು ಬನ್ನಿ" ಎಂದರು. ಮೈಗೆ ಹಾಕಿದ ಸೆಂಟನ್ನು ಹೊರಗಿಡುವುದು ಹೇಗೆ? ಪಾಪ, ಭಾವ ತಾವೇ ಹೊರಗೆ ನಿಂತರು!

ಸೀಮಂತದ ದಿನ ನಾನು ಟವೆಲನ್ನು ಸೆರಗು ಮಾಡಿ, ಸೌಟನ್ನು ಭೂತಕನ್ನಡಿಯಂತೆ ಹಿಡಿದು, ಥೇಟ್ ಅವರದೇ ಸ್ವರದಲ್ಲಿ "ಇದರಲ್ಲಿ ಪ್ಯಾರಾಬೆನ್ ಉಂಟು!" ಎಂದು ಕಿರುಚಿದೆ. ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು. ದೊಡ್ಡಮ್ಮ ಮಾತ್ರ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಹೋದರು. ನನ್ನ ಮಿಮಿಕ್ರಿಗೆ ಬೈದವರಿದ್ದಾರೆ, ಅತ್ತವರಿಲ್ಲ. ಹಿಂದೆಯೇ ಓಡಿದೆ.

"ನಿನ್ನ ಆ ಸ್ವರ ಕೇಳಿದರೆ ಹೆದರಿಕೆ ಆಗ್ತದೆ ಮಗಾ. ನಾನು ಫ್ಯಾನ್ಸಿ ಅಂಗಡಿ ಇಟ್ಟಿದ್ದೆ ಅಲ್ವಾ? ನೀನು ಹೊಟ್ಟೆಯಲ್ಲಿರುವಾಗ ನಿನ್ನ ಅಮ್ಮನಿಗೆ ಒಂಬತ್ತು ತಿಂಗಳೂ ಕ್ರೀಮ್ ತಂದುಕೊಟ್ಟದ್ದು ನಾನೇ. ಈಗ ನೋಡು, ನಿನಗೆ ಇಪ್ಪತ್ತೆರಡಾಯ್ತು, ಮೀಸೆ ಅಂತ ಇರುವುದು ನಾಲ್ಕೇ ಕೂದಲು. ಸ್ವರ ನನ್ನ ಹಾಗೆ!"

ನಗು ಬರಬೇಕಿತ್ತು, ಬರಲಿಲ್ಲ. ಕನ್ನಡಿಯ ಮುಂದೆ ನಿಂತು ಆ ನಾಲ್ಕು ಕೂದಲನ್ನು ನಾನೂ ಎಷ್ಟು ಸಲ ಎಣಿಸಿಲ್ಲ!

ಮರುದಿನ ಅಕ್ಕನ ಜೊತೆ ಅವರನ್ನೂ ಡಾಕ್ಟರಮ್ಮನ ಬಳಿಗೆ ಎಳೆದೊಯ್ದೆ. ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡರು.

"ನಿಮ್ಮ ಹೆದರಿಕೆ ಸುಳ್ಳಲ್ಲ. ಅದರ ಬಗ್ಗೆ ಸಂಶೋಧನೆ ನಡೀತಾ ಉಂಟು. ಬಸುರಿಯರು ಅಂಥದ್ದು ಕಡಿಮೆ ಮಾಡಿದರೆ ಒಳ್ಳೆಯದೇ. ಆದರೆ ಇವನ ಮೀಸೆಯ ತಪ್ಪನ್ನು ನಿಮ್ಮ ಕ್ರೀಮಿನ ಮೇಲೆ ಹಾಕ್ಲಿಕ್ಕೆ ಆಗುದಿಲ್ಲ. ಇವನ ಅಪ್ಪನಿಗೆ ಮೀಸೆ ಉಂಟಾ?"

ದೊಡ್ಡಮ್ಮ ಕಣ್ಣು ಮುಚ್ಚಿ ಅಪ್ಪನ ಮುಖವನ್ನು ನೆನಪಿಸಿಕೊಂಡರು. "ಇಲ್ಲ ಡಾಕ್ಟ್ರೇ... ಅವರಿಗೂ ನಾಲ್ಕೇ!"

"ಎಲ್ಲಿ, ನೀನು ನಿನ್ನ ಸ್ವಂತ ಸ್ವರದಲ್ಲಿ ಮಾತಾಡು," ಎಂದರು ಡಾಕ್ಟರಮ್ಮ ನನ್ನತ್ತ ತಿರುಗಿ.

"ಇದೇ ಡಾಕ್ಟ್ರೇ," ಎಂದೆ. ಗಡುಸಾಗಿಯೇ ಬಂತು. ದೊಡ್ಡಮ್ಮ ಥಟ್ಟನೆ ತಿರುಗಿ ನೋಡಿದರು. ಊರವರ ಸ್ವರವನ್ನೆಲ್ಲ ತೆಗೆಯುತ್ತಾ, ಮನೆಯಲ್ಲಿ ನನ್ನದನ್ನು ನಾನು ಬಳಸಿದ್ದೇ ಕಡಿಮೆ!

ಹೊರಗೆ ಬಂದ ಮೇಲೆ ದೊಡ್ಡಮ್ಮ ನನ್ನ ಗಲ್ಲ ಹಿಡಿದು, ಭೂತಕನ್ನಡಿಯನ್ನು ಮೂಗಿನ ಕೆಳಗೆ ತಂದರು. ಬಹಳ ಹೊತ್ತು ನೋಡಿದರು. ಗಾಜಿನಾಚೆ ಅವರ ಕಣ್ಣು ದೊಡ್ಡದಾಗಿ, ಒದ್ದೆಯಾಗಿ ಕಂಡಿತು.

"ನಾಲ್ಕಲ್ಲ ಮಗಾ, ಐದುಂಟು!"