ಗೋಡೆ ಬಡ್ಡಿ ನಿಂತದ್ದು

ಗೋಡೆ ಬಡ್ಡಿಯನ್ನು ಸಂಘದ ಹೆಂಗಸರು ನಿಲ್ಲಿಸಿದರು ಅಂತ ಊರೆಲ್ಲ ಹೇಳುತ್ತದೆ. ಅದೇನಿಲ್ಲ. ಅದನ್ನು ಮುಗಿಸಿದ್ದು ನಾವೆಲ್ಲ ಹೇಳಿದ ಸುಳ್ಳುಗಳು. ನನ್ನವೂ ಸೇರಿ.

ಜಂಗಮಕೋಟೆ ಪಕ್ಕದ ನಮ್ಮೂರಲ್ಲಿ ಯಾರಿಗೂ ಒಂದು ರೂಪಾಯಿ ಸಾಲ ಕೊಡದೆ, ಯಾರಿಂದಲೂ ತೆಗೆದುಕೊಳ್ಳದೆ, ಇಪ್ಪತ್ತು ವರ್ಷ ಇಡೀ ಊರಿನ ಬಡ್ಡಿ ನಿಗದಿ ಮಾಡಿದ ಮಹಾನುಭಾವನೊಬ್ಬನಿದ್ದಾನೆ. ನನ್ನ ಮೈದುನ! ಅವನನ್ನು ಒಂದು ಮಾತು ಕೇಳದೆ ದಿಲ್ಲಿಯವರು ಹೇಗೆ ದೇಶ ನಡೆಸುತ್ತಿದ್ದಾರೋ ಕಾಣೆ.

ದಿನಾ ಬೆಳಿಗ್ಗೆ ಹಾಲಿನ ಡೇರಿ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲುವನು. ಗೊತ್ತು ಮಾಡಿಕೊಂಡ ಐದು ಜನರನ್ನು ಕೇಳುವನು. ನಾನೂ ಒಬ್ಬಳು.

“ಅತ್ಗೆಮ್ಮ, ಇವತ್ತು ನೀನು ನೂರು ರೂಪಾಯಿ ಕೊಟ್ರೆ ತಿಂಗಳಿಗೆ ಎಷ್ಟು ಬಡ್ಡಿ ಕೇಳ್ತೀಯ?”

ತೀರಾ ಜಾಸ್ತಿ ಹೇಳಿದ್ದನ್ನೂ ತೀರಾ ಕಮ್ಮಿ ಹೇಳಿದ್ದನ್ನೂ ಬಿಟ್ಟು, ಉಳಿದ ಮೂರನ್ನು ಕೂಡಿಸಿ ಭಾಗಿಸಿ ಡೇರಿ ಗೋಡೆ ಮೇಲೆ ಬರೆಯುವನು. ಅದೇ ಗೋಡೆ ಬಡ್ಡಿ. ಹಸು ಸಾಲ, ಬೋರ್‌ವೆಲ್ ಸಾಲ, ಮದುವೆ ಸಾಲ, ಎಲ್ಲ ಪತ್ರದಲ್ಲೂ ‘ಗೋಡೆ ಬಡ್ಡಿಯಂತೆ’ ಅಂತಲೇ ಬರೆಯುವುದು. ತೊಂಡೇಬಾವಿಯ ಬೀಗರು ಕೂಡ ಫೋನ್ ಮಾಡಿ “ಗೋಡೆ ಏನಂತದೆ?” ಅನ್ನುವರು!

ನಾನು ಸಾಲ ಕೊಡುವ ದಿನ ‘ಮೂರು’ ಅನ್ನುತ್ತಿದ್ದೆ, ತೆಗೆದುಕೊಳ್ಳುವ ದಿನ ‘ಒಂದೂವರೆ’. ಹೆಚ್ಚಿಗೆ ಹೇಳಿದ್ದನ್ನು ಅವನು ಬಿಡುತ್ತಾನೆ ಅಂತ ಗೊತ್ತಾದ ಮೇಲೆ ಐವರಲ್ಲೊಬ್ಬಳಾದ ಪಕ್ಕದ ಮನೆಯವಳಿಗೂ ‘ಮೂರು’ ಅನ್ನಲು ಹೇಳಿಕೊಟ್ಟೆ, ಒಂದು ಹೋದರೂ ಇನ್ನೊಂದು ಉಳಿಯಲಿ ಅಂತ. ಐವರಲ್ಲಿ ಮೂವರು ನಿಜವಾಗಿ ಸಾಲ ಕೊಟ್ಟು ವರ್ಷಗಳೇ ಆಗಿದ್ದವು. ಐದನೆಯವರು ಒಬ್ಬ ತಾತ, ಅವರಂತೂ ಸತ್ತೇ ಹೋಗಿದ್ದರು!

“ಏನಯ್ಯಾ, ಅವರ ತಿಥಿ ಊಟ ಉಂಡ್ಬಂದು ಅವರ ಹೆಸರಲ್ಲಿ ಬಡ್ಡಿ ಬರೀತಿದೀಯಲ್ಲ?”

“ಸಾಯೋಕೆ ಮುಂಚೆ ಎರಡು ಅಂದಿದ್ರು ಅತ್ಗೆಮ್ಮ. ಆಮೇಲೆ ಮಾತು ಬದಲಾಯಿಸಿಲ್ವಲ್ಲ!”

ಹಾಗೆ ನೋಡಿದರೆ ನಮ್ಮೈವರಲ್ಲಿ ಸುಳ್ಳು ಹೇಳದೆ ಉಳಿದವರು ಅವರೊಬ್ಬರೇ.

ಈ ಸುಳ್ಳುಗಳೆಲ್ಲ ಬಯಲಾಗಿ, ಕೊನೆಗೆ ನಮ್ಮ ಮಹಿಳಾ ಸಂಘದ ಕಾರ್ಯದರ್ಶಿ ಶಬಾನಾ ಸಭೆಯಲ್ಲಿ ಎದ್ದುನಿಂತಳು. “ಇನ್ಮೇಲೆ ಬಾಯಿಮಾತು ಬೇಡಮ್ಮಾ. ಹೋದ ವಾರ ಯಾರು ಎಷ್ಟಕ್ಕೆ ನಿಜವಾಗ್ಲೂ ಕೊಟ್ರೋ ಸಂಘದ ಪುಸ್ತಕದಲ್ಲೈತೆ. ಅದೇ ಬಡ್ಡಿ.”

ಹಸು ಸಾಲದವಳೊಬ್ಬಳು ಖುಷಿಯಾಗಿ ಕೇಳಿದಳು: “ನನ್ ಪತ್ರದಲ್ಲಿ ಗೋಡೆ ಅಂತೈತೆ. ಗೋಡೆಗೆ ಸುಣ್ಣ ಹೊಡೆದ್ರೆ ನಾನು ಬಡ್ಡಿ ಕಟ್ಟಂಗಿಲ್ಲ ಅಲ್ವಾ?”

“ಕಟ್ಬೇಡ ಕಣೇ, ಹಸು ವಾಪಸ್ ಕೊಟ್ಬಿಡು!” ಅಂದೆ.

ಹಳೇ ಪತ್ರಗಳನ್ನೆಲ್ಲ ತಿದ್ದಿ ಬರೆಯಲು ಮೂರು ತಿಂಗಳ ಗಡುವು. ಅಲ್ಲಿಯವರೆಗೆ ಹಳಬರಿಗೆ ಗೋಡೆ, ಹೊಸಬರಿಗೆ ಪುಸ್ತಕ. ಮೈದುನ ಒಂದು ದಿನವೂ ತಪ್ಪಿಸದೆ ಬರೆದ, ಓದುವವರು ದಿನೇದಿನೇ ಕಮ್ಮಿಯಾದರೂ.

ಗಡುವು ಮುಗಿದ ದಿನವೂ ಬಂದು ನಿಂತಿದ್ದ. ಜನ ಕ್ಯಾನಿನ ಹಾಲು ಸುರಿದು ಸುಮ್ಮನೆ ಹೋದರು. ಯಾರೂ ಗೋಡೆಯತ್ತ ತಿರುಗಲಿಲ್ಲ. ನಾನು ಗೇಲಿ ಮಾಡೋಣವೆಂದೇ ಹತ್ತಿರ ಹೋದೆ.

“ಅತ್ಗೆಮ್ಮ,” ಅಂದ, ಸಣ್ಣ ದನಿಯಲ್ಲಿ, “ನಾಳೆ ಬೆಳಿಗ್ಗೆ ಎದ್ದು ನಾನು ಎಲ್ಲಿಗ್ ಹೋಗ್ಲಿ?”

ಹಾಲಿನ ಕ್ಯಾನು ಎತ್ತಿಕೊಂಡು ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ, ರೇಷ್ಮೆಹುಳುಗಳಿಗೆಂದು ಕೊಯ್ದಿಟ್ಟಿದ್ದ ಹಿಪ್ಪುನೇರಳೆ ಸೊಪ್ಪನ್ನಷ್ಟೂ ಹಸುವಿನ ಮುಂದೆ ಸುರಿದೆ. ಆಮೇಲೆ ಅವನ ಬಾಗಿಲಿಗೆ ಹೋಗಿ ಕೂಗಿದೆ:

“ಇನ್ನೂ ಮಲಗಿದ್ದೀಯೇನಯ್ಯಾ? ಹುಳ ಹಸ್ಕೊಂಡವೆ, ಮನೇಲಿ ಒಂದೆಲೆ ಇಲ್ಲ! ಸೊಪ್ಪು ಕುಯ್ಯೋಕೆ ನನ್ನೊಬ್ಬಳ ಕೈಲಿ ಆಗಲ್ಲ, ಎದ್ದು ಬಾ!”